ಪ್ರತಿಕ್ರಿಯೆ: ಮುಲಾಮಿಗೂ ಮಾಯದ ಅಮ್ಮನ ಕೈ ಬಿರುಕು
ಬದಿಯಡ್ಕದ ಅಕ್ಕಾ, ಅಮ್ಮ ದಿನವಿಡೀ ಕೈ ತೊಳೆಯುತ್ತಾರೆ, ಮುಲಾಮು ಹಚ್ಚಿದರೂ ಬೆರಳ ಸಂದಿಯ ಬಿರುಕು ಮಾಯುತ್ತಿಲ್ಲ, ಇದು ಚರ್ಮದ ಕಾಯಿಲೆಯೋ ಮನಸ್ಸಿನದೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ಪದೇ ಪದೇ ಸೋಪು ತಾಗಿದರೆ ಚರ್ಮದ ಎಣ್ಣೆ ಪಸೆ ಹೋಗಿ, ಒಣಗಿ ಬಿರಿಯುತ್ತದೆ; ತೊಳೆಯುವುದು ನಿಲ್ಲದೆ ಮುಲಾಮು ಏನು ಮಾಡೀತು? 'ನಿಮ್ಮ ಮಡಿ ಅತಿಯಾಯ್ತು' ಅಂತ ದಯವಿಟ್ಟು ಗದರಬೇಡಿ. ಒಸಿಡಿ (ಬೇಡವೆಂದರೂ ಅದೇ ಯೋಚನೆ ಕಾಡಿ, ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ) ಇದ್ದವರಿಗೆ ಸಾಕು ಅಂತ ಗೊತ್ತಿದ್ದರೂ ನಲ್ಲಿ ನಿಲ್ಲಿಸಲು ಕೈ ಬರುವುದಿಲ್ಲ, ಆ ಸಂಕಟ ದೊಡ್ಡದು.

ಎಷ್ಟು ಸಲ ತೊಳೆಯುತ್ತಾರೆಂದು ಚರ್ಮದ ಡಾಕ್ಟರಿಗೆ ನೀವೇ ಹೇಳಿ, ಅನೇಕರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಮಂಗಳೂರಿಗೆ ಹೋದಾಗ ಮನೋವೈದ್ಯರನ್ನೂ ಕಾಣಿ. ಮಾತ್ರೆ ಇದೆ, ತೊಳೆಯುವ ತುಡಿತವನ್ನು ಸ್ವಲ್ಪ ಸ್ವಲ್ಪವೇ ತಡೆದುಕೊಳ್ಳಲು ಕಲಿಸುವ ಥೆರಪಿಯೂ ಇದೆ. ಅಲ್ಲಿಯವರೆಗೆ ಸೋಪಿನ ಬದಲು ಸೌಮ್ಯವಾದ ಕ್ಲೆನ್ಸರ್, ಒರೆಸಿದ ಕೂಡಲೇ ವ್ಯಾಸಲೀನ್. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಇವತ್ತೇ ಮಾಡಿ.