ಬಿಲ್ಡರ್‌ಗಳ ಮುಂದೆ ಬಾಯಿ ಕಟ್ಟಿದ ಸಿವಿಲ್ ಹುಡುಗ: ಒಂದು ಆಪ್ತಸಲಹೆ ಪ್ರಕರಣ

ರಾಯಚೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗ, ಆರನೇ ಸೆಮಿಸ್ಟರ್. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಕಾಲೇಜಿನವರು ಬಿಲ್ಡರ್‌ಗಳು, ಗುತ್ತಿಗೆದಾರರು, ಸೈಟ್ ಎಂಜಿನಿಯರ್‌ಗಳನ್ನು ಕರೆಸಿದ್ದರು. ಭಾಷಣ ಇಲ್ಲ, ಚಹಾ ಕುಡೀತಾ ಪರಿಚಯ ಮಾಡಿಕೊಳ್ಳಿ ಅಂತ. ಇವನು ಗೋಡೆಗೆ ಒರಗಿ ನಿಂತವನು ಅಲ್ಲೇ ಉಳಿದ. ಒಬ್ಬ ಗುತ್ತಿಗೆದಾರರು ತಾವಾಗಿಯೇ ಬಂದು, "ಯಾವೂರಪ್ಪಾ ತಮ್ಮಾ? ನಿಮ್ಮಪ್ಪ ಏನ್ ಮಾಡ್ತಾರ?" ಅಂದರು. ಇವನ ಅಪ್ಪ ಗೌಂಡಿ, ಅಂದರೆ ಗಾರೆ ಕೆಲಸದವರು. ಇವನು "ವ್ಯಾಪಾರ ರೀ ಸರ್" ಅಂದುಬಿಟ್ಟ, ಎಂಥ ವ್ಯಾಪಾರ ಅಂತ ಕೇಳುವ ಮೊದಲೇ ಫೋನ್ ಬಂದವನ ಹಾಗೆ ಹೊರಗೆ ನಡೆದ. ಆಮೇಲೆ ಸರಿಯಾಗಿ ನಿದ್ದೆ ಇಲ್ಲ.

ನನ್ನ ಹತ್ತಿರ ಮೊದಲು ಇಂಗ್ಲಿಷ್ ಬರಲ್ಲ ಅಂತಲೇ ಶುರು ಮಾಡಿದ. ಅದನ್ನು ಹೇಳೋದು ಸುಲಭ ಅಲ್ವಾ? ಆದರೆ ಆ ಗುತ್ತಿಗೆದಾರರು ಮಾತಾಡಿದ್ದು ನಮ್ಮ ಕಡೆ ಕನ್ನಡದಲ್ಲೇ. ಅದನ್ನು ಕೇಳಿದಾಗ ಸುಮ್ಮನಾದ. ಸ್ವಲ್ಪ ಹೊತ್ತಿಗೆ ಬಾಯಿ ಬಿಟ್ಟ: ಇವನ ಅಪ್ಪನಿಗೆ ಚಿಕ್ಕ ವಯಸ್ಸಿನ ಎಂಜಿನಿಯರೊಬ್ಬ "ಏ ಗೌಂಡಿ, ಬಾರೋ ಇಲ್ಲಿ" ಅಂದಿದ್ದನ್ನು ನೋಡಿದ್ದಾನೆ. ನಾಚಿಕೆ ಬಂದಿದ್ದು ಅಲ್ಲಿಂದ. ಅದು ಸುಳ್ಳು ನಾಚಿಕೆ ಅಂತ ನಾನು ಹೇಳಲಿಲ್ಲ. ಹಾಗೆ ಕರೆಯುವವರು ಇದ್ದೇ ಇದ್ದಾರೆ.

ರಜೆಯಲ್ಲಿ ಅಪ್ಪನ ಜೊತೆ ಏನು ಕೆಲಸ ಮಾಡ್ತೀಯ ಅಂದೆ. ಸ್ಲ್ಯಾಬ್ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸೋದು, ಕಾಲಂಗೆ ಗೋಣಿಚೀಲ ಸುತ್ತಿ ನೆನೆಸೋದು, ಏಪ್ರಿಲ್‌ನಲ್ಲಿ ಬೆಳಿಗ್ಗೆ ತುಂಬಿದ ನೀರು ಸಂಜೆಗೆ ಇರೋದೇ ಇಲ್ಲ ಮೇಡಂ, ಅಂತ ಎಲ್ಲೂ ತಡವರಿಸದೆ ಹೇಳುತ್ತಾ ಹೋದ. ಹೀಗೆ ಕಾಂಕ್ರೀಟನ್ನು ಒದ್ದೆಯಾಗಿ ಇಡೋದಕ್ಕೇ ಕ್ಯೂರಿಂಗ್ ಅನ್ನೋದು. ಮನೆ ಕಟ್ಟಿಸೋರು ಏಳು ದಿನ ಸಾಕು ಅಂತಾರೆ, ಆದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಬಿಸಿ, ಒಣ ಹವೆಯಲ್ಲಿ ಕ್ಯೂರಿಂಗ್ 10 ದಿನಕ್ಕೆ ಕಡಿಮೆ ಆಗಬಾರದು, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ 14 ದಿನ ಮಾಡೋದು ಒಳ್ಳೇದು, ಇದನ್ನೂ ಅವನೇ ಹೇಳಿದ. (ಹಾರುಬೂದಿ ಅಂದರೆ ಕಲ್ಲಿದ್ದಲು ಸುಟ್ಟಾಗ ಬರುವ ನುಣುಪು ಬೂದಿ. ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಪಕ್ಕದವರಾದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.)

ಸಲಹೆ ಇಷ್ಟು ಕೊಟ್ಟೆ. ಎಲ್ಲರನ್ನೂ ಮಾತಾಡಿಸಬೇಡ, ಒಬ್ಬರು ಸಾಕು. ಕೆಲಸ ಕೊಡ್ತೀರಾ ಅಂತ ಶುರು ಮಾಡಬೇಡ, ರೆಸ್ಯೂಮೆ ಕೈಗೆ ತುರುಕಬೇಡ. ನಿಮ್ಮ ಸೈಟಲ್ಲಿ ಬೇಸಿಗೇಲಿ ಎಷ್ಟು ದಿನ ಕ್ಯೂರಿಂಗ್ ಮಾಡಿಸ್ತೀರಿ ಅಂತ ಕೇಳು. ಮಾತು ಕುದುರಿದರೆ, ಕಾಂಕ್ರೀಟ್ ಹಾಕುವ ದಿನ ನೋಡೋಕೆ ಬರಲಾ ಅನ್ನು. ನಂಬರ್ ಕೊಟ್ಟರೆ ಮರುದಿನ ವಾಟ್ಸಾಪ್‌ನಲ್ಲಿ ಹೆಸರು, ಕಾಲೇಜು, ಏನು ಮಾತಾಡಿದ್ದು ಅಂತ ಎರಡು ಸಾಲು ಹಾಕು. ದಿನಾ ಗುಡ್ ಮಾರ್ನಿಂಗ್ ಚಿತ್ರ ಕಳಿಸಿದರೆ ಬ್ಲಾಕ್ ಆಗ್ತೀಯ, ನೋಡು. ಆ ಸುಳ್ಳಿಗೆ ಕ್ಷಮೆ ಕೇಳಲು ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗೋದು ಬೇಡ, ಎದುರಾದರೆ ನಿಜ ಹೇಳಿಬಿಡು.

ಕಾಲೇಜಿನವರು ಮುಂದಿನ ಸಲ ಹೀಗೆ ಕರೆಸಿದಾಗ ಆ ಗುತ್ತಿಗೆದಾರರು ಬಂದಿರಲಿಲ್ಲ. ಒಬ್ಬ ಸೈಟ್ ಎಂಜಿನಿಯರ್ ಹೆಣ್ಣುಮಗಳ ಹತ್ತಿರ ಇದೇ ಪ್ರಶ್ನೆ ಕೇಳಿದ. ಟ್ಯಾಂಕರ್ ನೀರು ಸಿಗೋದೇ ಕಷ್ಟ ಅಂತ ಅವರು, ಗೋಣಿಚೀಲ ಹೊದಿಸಿದರೆ ಕಡಿಮೆ ನೀರು ಸಾಕು ಅಂತ ಇವನು. ಇದೆಲ್ಲ ನಿನಗೆ ಹೆಂಗೆ ಗೊತ್ತು ಅಂದಾಗ "ನಮ್ಮಪ್ಪ ಗೌಂಡಿ ರೀ ಮೇಡಂ" ಅಂದನಂತೆ. ಅವರು ಯಾವ ಕಡೆ ಕೆಲಸ ಅಂತಷ್ಟೇ ಕೇಳಿ, ಭಾನುವಾರ ಸ್ಲ್ಯಾಬ್ ಇದೆ ಬಾ ಅಂದರು. ಹೋಗಿ ಬಂದಿದ್ದಾನೆ. ಇಂಟರ್ನ್‌ಶಿಪ್ ಇನ್ನೂ ಸಿಕ್ಕಿಲ್ಲ. ಇಂಗ್ಲಿಷ್ ಭಯವೂ ಪೂರ್ತಿ ನೆಪ ಏನಲ್ಲ, ಅದಕ್ಕೆ ಪರೀಕ್ಷೆ ಮುಗಿದ ಮೇಲೆ ಮತ್ತೆ ಕೂರುತ್ತೇವೆ.