ಬಾಲಕ್ಕೆ ಸೀಸ ಕಟ್ಟುವ ಮುನ್ನ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಗ್ಯಾರೇಜಿದೆ. ನಕ್ಷೆ ತರಿಸಿಕೊಂಡು ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇನೆ. ನಕ್ಷೆಯಲ್ಲಿರುವುದು 60 ಕೆ.ಜಿ. ಎಂಜಿನ್, ನನಗೆ ಸಿಕ್ಕಿದ್ದು 75 ಕೆ.ಜಿ.ಯದು. ಬಾಲದೊಳಗೆ ಸೀಸ ಇಟ್ಟರೆ ಸರಿಹೋಗುತ್ತದಲ್ಲವೇ? ಇಲ್ಲಾ ಎಂಜಿನ್ನನ್ನೇ ಹಿಂದುಗಡೆ ಕೂರಿಸಲೇ?
— ಓದುಗರೊಬ್ಬರು

ಉತ್ತರ: ಗಾಡಿಗೆ ಹುಲ್ಲು ಹೇರುವವರು ಮುಂಭಾರ, ಹಿಂಭಾರ ನೋಡುತ್ತಾರಲ್ಲ, ಇದೂ ಅದೇ ಲೆಕ್ಕ. ಮುಂಭಾರವಾದರೆ ಎತ್ತಿನ ಹೆಗಲಿಗೆ ಕಷ್ಟ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ವಿಮಾನ ಮುಂಭಾರವಾದರೆ ಇಳಿಯುವಾಗ ಸ್ಟಿಕ್ಕನ್ನು ಹೊಟ್ಟೆಗೆ ತಾಗುವಷ್ಟು ಎಳೆದರೂ ಮೂತಿ ಏಳದು. ಹಿಂಭಾರ ಇನ್ನೂ ಕೆಟ್ಟದ್ದು. ಒಮ್ಮೆ ಗಿರಕಿ ಹೊಡೆಯತೊಡಗಿದರೆ ಬಿಡಿಸಿಕೊಳ್ಳಲು ಆಗದೆ ಹೋಗಬಹುದು.

ನಿಮ್ಮ ಎಂಜಿನ್ ಗುರುತ್ವ ಕೇಂದ್ರಕ್ಕಿಂತ (ಇಡೀ ವಿಮಾನದ ಭಾರ ಸಮತೂಗುವ ಬಿಂದು) 1.2 ಮೀಟರ್ ಮುಂದಿದೆ ಎಂದುಕೊಳ್ಳೋಣ. ಹೆಚ್ಚುವರಿ 15 ಕೆ.ಜಿ.ಯನ್ನು 1.2ರಿಂದ ಗುಣಿಸಿದರೆ 18. ಬಾಲ 3.6 ಮೀಟರ್ ಹಿಂದಿದ್ದರೆ 5 ಕೆ.ಜಿ. ಸೀಸ ಅದನ್ನು ಸರಿದೂಗಿಸುತ್ತದೆ, ನಿಜ. ಆದರೆ ವಿಮಾನ 20 ಕೆ.ಜಿ. ದಪ್ಪಗಾಯಿತು, ಅಂದರೆ ಸುಮಾರು 28 ಲೀಟರ್ ಪೆಟ್ರೋಲಿನಷ್ಟು! ಸಾಲದ್ದಕ್ಕೆ ಪ್ರತಿ ಸಲ ನೆಲಕ್ಕೆ ಕುಕ್ಕಿದಾಗಲೂ ಆ ಸೀಸ ಬಾಲದ ಕೊಳವೆಯನ್ನು ಜಗ್ಗುತ್ತದೆ.

ನಾನಾದರೆ ಇರುವ ವಸ್ತುಗಳನ್ನೇ ಸರಿಸುತ್ತೇನೆ. ಎಂಜಿನ್ನನ್ನು 10 ಸೆಂ.ಮೀ. ಹಿಂದಕ್ಕೆ ತಂದರೆ ಆ 18ರಲ್ಲಿ ಏಳೂವರೆ ಕಳೆಯಿತು. 8 ಕೆ.ಜಿ. ಬ್ಯಾಟರಿಯನ್ನು 1.3 ಮೀಟರ್ ಹಿಂದೆ, ಸೀಟಿನ ಬೆನ್ನಿಗೆ ಒಯ್ದರೆ ಉಳಿದದ್ದೂ ಹೆಚ್ಚುಕಡಿಮೆ ಮುಗಿಯಿತು. ಸ್ಟಾರ್ಟರಿನ ಕೇಬಲ್ ಉದ್ದವಾಗುತ್ತದೆ, ಅದರ ತೂಕವನ್ನೂ ಬರೆದುಕೊಳ್ಳಿ. ಎಂಜಿನ್ ಹಿಡಿದಿಡುವ ಚೌಕಟ್ಟನ್ನು ಮಾತ್ರ ನಿಮ್ಮ ಅಂದಾಜಿನಲ್ಲಿ ಬೆಸುಗೆ ಹಾಕಬೇಡಿ, ನಕ್ಷೆ ಮಾಡಿದವರನ್ನೇ ಕೇಳಿ.

ಎಂಜಿನ್ ಹಿಂದಿಟ್ಟರೆ ಅದು ಬೇರೆಯೇ ವಿಮಾನ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಜಿ ಹಾಗಿದೆ. ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ 1980ರ ದಶಕದಲ್ಲಿ ಅದೇ ಮಾದರಿಯಲ್ಲಿ ಹಗುರ ವಿಮಾನ ಕಟ್ಟಿತ್ತು. ಎಂಜಿನ್ ಬೆನ್ನಿಗೆ, ಪೈಲಟ್ ಮುಂದೆ. ಪೈಲಟ್ ಇಳಿದರೆ ಹಿಂದಕ್ಕೆ ಮಗುಚೀತೆಂದು ಮುಂಚಕ್ರ ಮಡಚಿ, ಮೂತಿಯನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ, ನಮಸ್ಕಾರ ಮಾಡುತ್ತಿರುವಂತೆ. ತೆಳ್ಳಗಿನವರು ಹಾರಿಸುವುದಾದರೆ ಮೂತಿಗೇ ತೂಕ ಕಟ್ಟಬೇಕಾದೀತು. ಎನ್‌ಎಎಲ್‌ನ ಮುಂದಿನ ವಿಮಾನ ಹಂಸದಲ್ಲಿ ಎಂಜಿನ್ ಮುಂದಕ್ಕೇ ಬಂತು.

ತೂಗುವಾಗ ಎಚ್ಚರ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೊಂದು ಬಾಲಚಕ್ರದ ವಿಮಾನವನ್ನು ನಿಂತಂತೆಯೇ ತೂಗಿ, ಹಿಂಭಾರವಾಗಿದೆ ಎಂದು ಬರೆದುಕೊಟ್ಟಿದ್ದೆ. ಹಿರಿಯ ಮೇಸ್ತ್ರಿ ಮಾತಾಡದೆ ರಸಮಟ್ಟ ತಂದು ಒಡಲಿನ ಮೇಲಿಟ್ಟರು. ಗುಳ್ಳೆ ಒಂದು ತುದಿಗೆ ಅಂಟಿಕೊಂಡಿತ್ತು. ಬಾಲ ಕೆಳಗಾಗಿ ಒಡಲು 12 ಡಿಗ್ರಿ ವಾಲಿದ್ದು, ಗುರುತ್ವ ಕೇಂದ್ರ ಚಕ್ರದ ಅಚ್ಚಿಗಿಂತ 60 ಸೆಂ.ಮೀ. ಎತ್ತರದಲ್ಲಿದ್ದರೆ, ಅದು 12 ಸೆಂ.ಮೀ. ಹಿಂದೆ ಇರುವಂತೆ ತೋರುತ್ತದೆ. ಇಂಥ ವಿಮಾನಗಳಲ್ಲಿ ಗುರುತ್ವ ಕೇಂದ್ರ ಹಿಂದೆಮುಂದೆ ಸರಿಯಲು ಸಲ್ಲುವ ಒಟ್ಟು ಅಂತರವೇ ಎರಡು ಗೇಣು ಇರುವುದಿಲ್ಲ! ಅವತ್ತು ಬಾಲವನ್ನು ಕುದುರೆಯ ಮೇಲೆ — ಮರಗೆಲಸದ ಕುದುರೆ — ಏರಿಸಿ ಮತ್ತೆ ತೂಗಿದೆವು. ಕುದುರೆಯ ತೂಕ ಕಳೆಯುವುದನ್ನು ನಾನು ಮರೆತದ್ದು ಇನ್ನೊಂದು ಕಥೆ.

ಟ್ಯಾಂಕ್ ತುಂಬಿದಾಗೊಮ್ಮೆ, ಬರಿದಾದಾಗೊಮ್ಮೆ, ಒಬ್ಬರೇ ಕೂತಾಗೊಮ್ಮೆ ಲೆಕ್ಕ ಹಾಕಿ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಅನುಮತಿಯಿಲ್ಲದೆ ನೆಲ ಬಿಡುವ ಮಾತೇ ಬೇಡ. ಸದ್ಯಕ್ಕೆ ಮೂರೂ ಚಕ್ರಗಳಡಿ ಕಾಟಾ ಇಟ್ಟು, ಆ ಮೂರು ಅಂಕಿಗಳನ್ನು ಬರೆದು ಕಳಿಸಿ. ಸೀಸ ಕೊಳ್ಳುವುದು ಆಮೇಲೆ.