ಒಣಗಿದ ಜೆಲ್ ಇನ್ನೂ ಗಾಜಲ್ಲ

ಮೂಳೆ ತುಂಬಲು ಬಳಸುವ 58ಎಸ್ ಬಯೋಆಕ್ಟಿವ್ (ಮೂಳೆಯೊಂದಿಗೆ ಬೆಸೆಯುವ) ಗಾಜನ್ನು ಸೋಲ್-ಜೆಲ್ ವಿಧಾನದಲ್ಲಿ, ಅಂದರೆ ಸೋಲ್ ಎಂಬ ದ್ರವವನ್ನು ಜೆಲ್ ಆಗಿ ಗಟ್ಟಿಯಾಗಿಸಿ, ತಯಾರಿಸುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: “130 ಡಿಗ್ರಿಯಲ್ಲಿ ಒಣಗಿಸಿದ ಜೆಲ್ ಬಿರುಕುಬಿಟ್ಟಿತು. ಮೇಲೆ ಬಿಳಿ ಹುಡಿ ಕೂತಿತು. ಹೊರಗಿಟ್ಟರೆ ಅದು ಒದ್ದೆಯಾಗುತ್ತದೆ. ಇದು ಕಡಿಮೆ ಶಾಖದ ವಿಧಾನ ತಾನೆ? 700 ಡಿಗ್ರಿಯ ಹಂತ ಬಿಟ್ಟು, ಆಂಟಿಬಯೋಟಿಕ್ ಅನ್ನು ಸೋಲ್‌ಗೇ ಬೆರೆಸಬಹುದೆ?”

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ಉತ್ತರ ಆ ಬಿಳಿ ಹುಡಿಯಲ್ಲೇ ಇದೆ. ಅದು ಕ್ಯಾಲ್ಸಿಯಂ ನೈಟ್ರೇಟ್. ಸೋಲ್ ಗಟ್ಟಿಯಾದಾಗ ಜಾಲ ಕಟ್ಟಿಕೊಳ್ಳುವುದು ಸಿಲಿಕಾ ಮಾತ್ರ. ಕ್ಯಾಲ್ಸಿಯಂ ರಂಧ್ರಗಳೊಳಗಿನ ದ್ರವದಲ್ಲೇ ಕರಗಿ ಉಳಿದಿರುತ್ತದೆ. ಒಣಗುವಾಗ ಆ ದ್ರವ ಹೊರಮೈಗೆ ಸರಿಯುತ್ತದೆ, ನೀರು ಆರಿ ಉಪ್ಪು ಅಲ್ಲೇ ಕೂರುತ್ತದೆ, ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ಸುಮಾರು 400 ಡಿಗ್ರಿ ದಾಟಿದ ಮೇಲಷ್ಟೇ ಕ್ಯಾಲ್ಸಿಯಂ ಸಿಲಿಕಾ ಜಾಲದೊಳಗೆ ಸೇರತೊಡಗುತ್ತದೆ. ನೈಟ್ರೇಟ್ ಪೂರ್ತಿ ಹೋಗಲು 600ರಿಂದ 700 ಡಿಗ್ರಿ ಬೇಕು. ಆಗ ಹೊರಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ವಿಷಕಾರಿ. ಕುಲುಮೆಯ ಹೊಗೆ ಹೊರಹೋಗುವ ವ್ಯವಸ್ಥೆ ಇರಲೇಬೇಕು. ವಿಜ್ಞಾನಿ ಲ್ಯಾರಿ ಹೆಂಚ್ 1969ರಲ್ಲಿ ರೂಪಿಸಿದ ಮೊದಲ ಬಯೋಆಕ್ಟಿವ್ ಗಾಜಾದ 45ಎಸ್5 ಅನ್ನು 1300 ಡಿಗ್ರಿಗೂ ಮೇಲೆ ಕರಗಿಸಬೇಕು. ನಮ್ಮದು ಕಡಿಮೆ ಶಾಖ ಎನ್ನುವುದು ಅದಕ್ಕೆ ಹೋಲಿಸಿ.

ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ. 58ಎಸ್ ಎಂದರೆ ಮೋಲ್ ಲೆಕ್ಕದಲ್ಲಿ ಸಿಲಿಕಾ 60, ಕ್ಯಾಲ್ಸಿಯಂ ಆಕ್ಸೈಡ್ 36, ಫಾಸ್ಫರಸ್ ಪೆಂಟಾಕ್ಸೈಡ್ 4. ಸುಮಾರು 6 ಗ್ರಾಂ ಗಾಜಿಗೆ ಟಿಇಒಎಸ್ (ಸಿಲಿಕಾ ಒದಗಿಸುವ ಟೆಟ್ರಾಈಥೈಲ್ ಆರ್ಥೋಸಿಲಿಕೇಟ್) 12.5 ಗ್ರಾಂ, ಟ್ರೈಈಥೈಲ್ ಫಾಸ್ಫೇಟ್ 1.46 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್ 8.5 ಗ್ರಾಂ. ಹೆಚ್ಚಿನವರು ಎಡವುವುದು ಫಾಸ್ಫೇಟ್‌ನಲ್ಲಿ: ಪೆಂಟಾಕ್ಸೈಡ್‌ನಲ್ಲಿ ಎರಡು ಫಾಸ್ಫರಸ್ ಪರಮಾಣು, ಟ್ರೈಈಥೈಲ್ ಫಾಸ್ಫೇಟ್‌ನಲ್ಲಿ ಒಂದೇ. ಹಾಗಾಗಿ ಮೋಲ್ ದುಪ್ಪಟ್ಟು ಬೇಕು. 10.5 ಮಿ.ಲೀ. ನೀರಿಗೆ 2 ನಾರ್ಮಲ್ ನೈಟ್ರಿಕ್ ಆಮ್ಲ 1.75 ಮಿ.ಲೀ. ಸೇರಿಸಿ ಮೊದಲು ಟಿಇಒಎಸ್ ಹಾಕಿ. ಆರಂಭದಲ್ಲಿ ಅದು ಎಣ್ಣೆಯಂತೆ ಮೇಲೆ ತೇಲುತ್ತದೆ. ಕಲಕುತ್ತಾ ಹೋದಂತೆ ಈಥನಾಲ್ ಹುಟ್ಟಿ, ಬೀಕರ್ ಬೆಚ್ಚಗಾಗಿ, ಎರಡು ಪದರ ಒಂದಾಗಿ ತಿಳಿಯಾಗುತ್ತದೆ. ತಿಳಿಯಾಗುವ ಮುಂಚೆ ಮುಂದಿನದನ್ನು ಹಾಕಬೇಡಿ. ಒಂದು ಗಂಟೆ ಕಲಕಿ ಫಾಸ್ಫೇಟ್, ಅದು ಬೆರೆತ ಮೇಲೆ ಕ್ಯಾಲ್ಸಿಯಂ ನೈಟ್ರೇಟ್, ಮತ್ತೊಂದು ಗಂಟೆ.

ಬಿರುಕಿಗೆ ಕಾರಣ ರಂಧ್ರದೊಳಗಿನ ನೀರಿನ ಸೆಳೆತ. 5 ನ್ಯಾನೋಮೀಟರ್ ತ್ರಿಜ್ಯದ ರಂಧ್ರದಲ್ಲಿ ಅದು 280 ವಾಯುಭಾರದ ಆಸುಪಾಸು! ಮುಚ್ಚಿದ ಡಬ್ಬದಲ್ಲಿ 60 ಡಿಗ್ರಿಯಲ್ಲಿ ಮೂರು ದಿನ ಹಣ್ಣಾಗಲು ಬಿಟ್ಟರೆ ಜಾಲ ಬಲಿಯುತ್ತದೆ. ಆಮೇಲೆ ಮುಚ್ಚಳಕ್ಕೆ ಸಣ್ಣ ತೂತು ಕೊಟ್ಟು ನಿಧಾನ ಒಣಗಿಸಿ. ಪುಡಿಯೇ ಸಾಕೆಂದಾದರೆ ಬಿರುಕಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಔಷಧಿಯನ್ನು ಸೋಲ್‌ಗೆ ಬೆರೆಸಬೇಡಿ, ಕುಲುಮೆಯಲ್ಲಿ ಸುಟ್ಟುಹೋಗುತ್ತದೆ. ಸುಟ್ಟ ಗಾಜನ್ನು ಪುಡಿಮಾಡಿ ಔಷಧಿಯ ದ್ರಾವಣದಲ್ಲಿ ನೆನೆಸಿ, ಸೋಸಿ, ತಣ್ಣಗೆ ಒಣಗಿಸಿ. ಉಳಿದ ದ್ರಾವಣದ ಸಾಂದ್ರತೆ ಅಳೆದರೆ ಒಳಗೆಷ್ಟು ಹೋಯಿತೆಂದು ತಿಳಿಯುತ್ತದೆ. ಕಾಯಿಸದ ಬರೀ ಸಿಲಿಕಾ ಜೆಲ್‌ನಲ್ಲಿ ಔಷಧಿ, ಕಿಣ್ವಗಳನ್ನು ಹಿಡಿದಿಡುವುದುಂಟು. ಆದರೆ ಅಲ್ಲಿ ಆಮ್ಲ ಮತ್ತು ಈಥನಾಲ್ ಕಿಣ್ವವನ್ನು ಕೆಡಿಸದಂತೆ ನೋಡಿಕೊಳ್ಳಬೇಕು, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಕೂಡ ಅದರಲ್ಲಿರುವುದಿಲ್ಲ.

ಗಾಜಿನ ಮೇಲೆ ಮೂಳೆಯ ಖನಿಜ ಬೆಳೆಯುತ್ತದೆಯೇ ಎಂದು ನೋಡುವ ಕೃತಕ ದೇಹದ್ರವದ (ರಕ್ತದ ಲವಣಗಳನ್ನು ಹೋಲುವ ದ್ರಾವಣ) ಪರೀಕ್ಷೆಯನ್ನು 36.5 ಡಿಗ್ರಿ, ಪಿಎಚ್ 7.4ರಲ್ಲಿ, ಪ್ರತಿ ಮಿ.ಲೀ.ಗೆ 1.5 ಮಿ.ಗ್ರಾಂ. ಪುಡಿಯಿಂದ ಶುರುಮಾಡಿ. ತಾಮ್ರದ ಎಕ್ಸ್-ರೇ ವಿವರ್ತನೆಯಲ್ಲಿ 26 ಮತ್ತು 32 ಡಿಗ್ರಿ ಕೋನದ (2θ) ಹತ್ತಿರ ಶಿಖರ ಎದ್ದರೆ ಅಪಟೈಟ್, ಅಂದರೆ ಮೂಳೆಯಂಥ ಖನಿಜ. 29.4ರಲ್ಲಿ ಎದ್ದರೆ ಅದು ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್). ಪುಡಿ ಹೆಚ್ಚಾಗಿ ಕ್ಯಾಲ್ಸಿಯಂ ಒಮ್ಮೆಲೇ ಸುರಿದಿದೆ ಎಂದು ತಿಳಿಯಿರಿ, ಪುಡಿ ಕಡಿಮೆ ಮಾಡಿ. ಜೀವಕೋಶಗಳ ಮೇಲೆ ಪ್ರಯೋಗಿಸುವಾಗಲೂ ಇದೇ ತೊಂದರೆ: ಪಿಎಚ್ ಜಿಗಿದು ಕೋಶಗಳು ಸಾಯುತ್ತವೆ. ಪುಡಿಯನ್ನು ಮೊದಲೇ ಪೋಷಕ ದ್ರವದಲ್ಲಿ ನೆನೆಸಿಟ್ಟು, ಆ ದ್ರವ ಬದಲಿಸಿ, ಪಿಎಚ್ ನಿಂತ ಮೇಲೆ ಕೋಶಗಳನ್ನು ಹಾಕಿ.